ಗುಡ್ಡದ ಒಂದು ಬದಿಯ ಎಲೆ

“ಯಂತ್ರವನ್ನು ಅವರ ಮನೆಬಾಗಿಲಿಗೇ ಒಯ್ದು ಕೊಟ್ಟೆವು, ದುಡಿಯುವ ಮನಸ್ಸು ಅವರಿಗಿರಲಿಲ್ಲ.” ಡೊಂಬಿವಲಿಯ ನಮ್ಮ ಸಂಘದಲ್ಲಿ ಆ ಆದಿವಾಸಿ ಪಾಡಾದ, ಅಂದರೆ ಹಾಡಿಯ, ವಿಷಯ ಬಂದಾಗಲೆಲ್ಲ ಈ ಮಾತು ಬರುತ್ತದೆ. ಹೇಳುವವರಲ್ಲಿ ಹೆಚ್ಚಿನವರು ಆ ಪಾಡಾವನ್ನು ಕಣ್ಣಿನಿಂದ ಕಂಡವರಲ್ಲ.

ಕಳೆದ ತಿಂಗಳು ಬೇಲಾಪುರದಲ್ಲಿ ಒಂದು ಮದುವೆಯ ಊಟಕ್ಕೆ ಕುಳಿತಿದ್ದೆ. ಮುತ್ತುಗದ ದೊನ್ನೆಗೆ ಬಿಸಿ ಸಾರು ಬಡಿಸಿದರು. ಒಣಗಿದ ಎಲೆಗೆ ಬಿಸಿ ತಾಗಿದೊಡನೆ ಏಳುವ ವಾಸನೆ ಒಂದಿದೆ. ಸ್ವಲ್ಪ ಹೊಗೆಯಂತೆ, ಸ್ವಲ್ಪ ನೆನೆದ ಹುಲ್ಲಿನಂತೆ… ಎಷ್ಟೋ ವರ್ಷಗಳ ಬಳಿಕ, ಆ ಪಾಡಾದಿಂದ ನಮಗೆ ಎಲೆ ತರುತ್ತಿದ್ದ ಮಾವಶಿ (ಮರಾಠಿಯ ಚಿಕ್ಕಮ್ಮ) ನನ್ನ ಎದುರಿಗೇ ಬಂದು ನಿಂತಂತಾಯಿತು. ಅದೇ ಹೊತ್ತಿಗೆ ಪಕ್ಕದಲ್ಲಿ ಕುಳಿತಿದ್ದ ಸಂಘದ ಈಗಿನ ಕಾರ್ಯದರ್ಶಿಗಳು, ಈ ವರ್ಷದ ಸ್ಮರಣ ಸಂಚಿಕೆಯಲ್ಲಿ ಸಂಘದ ಇತಿಹಾಸ ಅಚ್ಚಾಗುವುದೆಂದೂ, ಪಾಡಾದ ಬಗ್ಗೆ ಮೇಲೆ ಹೇಳಿದ ವಾಕ್ಯವನ್ನೇ ಹಾಕುವುದೆಂದೂ ತಿಳಿಸಿದರು. ಬಾಯಿಮಾತು ಗಾಳಿಗೆ ಹೋಗುತ್ತದೆ, ಅಚ್ಚಾದದ್ದು ಉಳಿಯುತ್ತದೆ. ಮಾವಶಿಯ ಹೆಸರಿಗೆ ಆ ಕಳಂಕ ಉಳಿಯಕೂಡದೆಂದು ನನಗನ್ನಿಸಿತು.

ನಾನು ಆಗ ಕಲ್ಯಾಣ ಸ್ಟೇಷನ್ನಿನ ಪಶ್ಚಿಮಕ್ಕೆ ಚಿಕ್ಕದೊಂದು ಹೋಟೆಲು ನಡೆಸುತ್ತಿದ್ದೆ. ಪೂಜೆಯ ಊಟದ ಆರ್ಡರುಗಳಿಗೆ ನನಗೆ ಮುತ್ತುಗದ ಊಟದೆಲೆ ಬೇಕಾಗುತ್ತಿತ್ತು. ಕಸಾರಾ ಕಡೆಯಿಂದ ಬರುವ ಬೆಳಗಿನ ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ, ಆಸನ್‌ಗಾಂವ್ ಆಚೆಗಿನ ಪಾಡಾದಿಂದ ಮಾವಶಿ ತಲೆಹೊರೆ ತರುತ್ತಿದ್ದರು. ಅವರು ಚುಚ್ಚಿದ ಎಲೆಯಲ್ಲಿ ಕಡ್ಡಿಯ ತುದಿ ಊಟ ಮಾಡುವವನ ಬೆರಳಿಗೆ ತಾಗಿದ್ದನ್ನು ನಾನು ಕಾಣೆ. ಹೊರೆ ಮಾತ್ರ ಯಾವಾಗಲೂ ಒಂದೇ ಗಾತ್ರದ್ದು. ಹಬ್ಬ ಬರಲಿ, ಬೇಡಿಕೆ ಏರಲಿ, ಅದು ದೊಡ್ಡದಾಗುತ್ತಿರಲಿಲ್ಲ.

“ಇಷ್ಟೇನಾ ಮಾವಶಿ ತಂದದ್ದು?” ಎಂದು ನಮ್ಮ ಅಡುಗೆಯ ಭಟ್ಟರು ಒಮ್ಮೆ ಕೆಣಕಿದರು.

“ನಿನ್ನ ಇಡ್ಲಿಗೆ ಇಷ್ಟು ಸಾಕು ಬಾಬಾ. ಅದು ಸ್ವಲ್ಪ ದೊಡ್ಡದಾಗಲಿ, ನಾನೂ ದೊಡ್ಡ ಹೊರೆ ತರ್ತೇನೆ.”

ಗಲ್ಲಾದಲ್ಲಿ ಕುಳಿತಿದ್ದ ನಾನೇ ಮೊದಲು ನಕ್ಕೆ. ಇಷ್ಟು ಸ್ಪಷ್ಟವಾಗಿ ನೆನಪಿದೆ. ಮುಂದಿನದು ಅಷ್ಟು ಸ್ಪಷ್ಟವಾಗಿಲ್ಲ…

ಆದಿವಾಸಿಗಳ ಆರ್ಥಿಕ ಏಳಿಗೆಗಾಗಿ ಏನಾದರೂ ಮಾಡಬೇಕೆಂದು ಸಂಘದಲ್ಲಿ ಮಾತು ಎದ್ದಿತು. ನಾವು ಬಹುಪಾಲು ಕರಾವಳಿಯಿಂದ ಬಂದ ಹೋಟೆಲಿನವರು. ನಮಗೆ ತಿಳಿದ ಏಳಿಗೆಯೆಂದರೆ ಸರಕು ಹೆಚ್ಚು ಬರುವುದು, ಹೆಚ್ಚು ಖರ್ಚಾಗುವುದು. ಎಲೆಗಳನ್ನು ಒತ್ತಿ ತಟ್ಟೆ ದೊನ್ನೆ ಮಾಡುವ, ವಿದ್ಯುತ್ತಿನಿಂದ ನಡೆಯುವ ದೊಡ್ಡ ಯಂತ್ರ ತರಿಸಿದೆವು. ಪಾಡಾದ ನಡುವೆ ತಗಡಿನ ಶೆಡ್ ಹಾಕಿಸಿದೆವು. ಕಲ್ಯಾಣದಿಂದ ತುರ್ಭೆಯವರೆಗೆ ನಮ್ಮವರ ಹೋಟೆಲುಗಳೆಲ್ಲ ಅಲ್ಲಿಯ ಎಲೆಯನ್ನೇ ಕೊಳ್ಳುವುದೆಂದು ನಿಶ್ಚಯವಾಯಿತು. ಉದ್ಘಾಟನೆಯ ದಿನ ಮಾವಶಿ ಜನರ ಹಿಂದೆ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನಗುತ್ತಿದ್ದರೆಂದು ನಾನು ಬಹುಕಾಲ ನಂಬಿದ್ದೆ. ನಗುತ್ತಿದ್ದರೇ? ಈಗ ಹೇಳಲಾರೆ.

ಮೊದಲ ವರ್ಷ ಯಂತ್ರ ಕೇಳಿದಷ್ಟು ಎಲೆ ಬಂತು. ಎರಡನೆಯ ವರ್ಷ ಬಂದ ಎಲೆ ಅಂಗೈಯಗಲಕ್ಕೆ ಇಳಿದಿತ್ತು. ಹೆಚ್ಚು ತೇಪೆ, ಹೆಚ್ಚು ಸಂದು, ಸಾರು ಸೋರಿತು. ಗಿರಾಕಿಗಳು ಬೈದರು, ಹೋಟೆಲಿನವರು ಹಿಂದಿರುಗಿಸಿದರು. ಮೂರನೆಯ ವರ್ಷ ಪಾಡಾದವರು ಎಲೆ ಕೊಯ್ಯುವುದಿಲ್ಲವೆಂದು ಶೆಡ್ಡಿಗೆ ಬೀಗ ಹಾಕಿದರು. ಸಂಘದವರ ಕಣ್ಣಿಗೆ ಬಿದ್ದದ್ದು ಆ ಬೀಗವೊಂದೇ.

ಕಾರಣವೇನೆಂದು ತಿಳಿಯಲು ನಾನೊಬ್ಬನೇ ಹೋದೆ. ಅದು ಮಳೆಗೆ ಮುಂಚೆಯೋ, ಹೋಳಿಯ ಆಸುಪಾಸಿನಲ್ಲೋ… ಬಿಸಿಲು ಚುರುಗುಟ್ಟುತ್ತಿದ್ದುದು ಮಾತ್ರ ನಿಜ. ಮಾವಶಿ ನನ್ನನ್ನು ಪಾಡಾದ ಹಿಂದಿನ ಗುಡ್ಡಕ್ಕೆ ಕರೆದೊಯ್ದರು. ಒಂದು ವರ್ಷ ಗುಡ್ಡದ ಮೂಡಣ ಬದಿ ಕೊಯ್ದರೆ ಮರುವರ್ಷ ಪಡುವಣ ಬದಿ. ಬಿಟ್ಟ ಬದಿಯ ಚಿಗುರನ್ನು ಆ ವರ್ಷ ಯಾರೂ ಮುಟ್ಟುವಂತಿಲ್ಲ. ಯಾವ ಬದಿಯೆಂಬುದನ್ನು ಪಾಡಾದ ಹಿರಿಯರು ಗಡಿಯ ದೇವರಿಗೆ ತೆಂಗಿನಕಾಯಿ ಒಡೆದು ಸಾರುತ್ತಾರೆ. ನಮ್ಮ ಯಂತ್ರಕ್ಕೆ ಒಂದು ಬದಿ ಸಾಲಲಿಲ್ಲ. ನಮ್ಮ ಮಾತು ಉಳಿಸಲೆಂದು ಎರಡೂ ಬದಿಯನ್ನು ಬೋಳಿಸಿದ್ದರು. ಮಾವಶಿ ಒಂದು ಕೊಂಬೆಯನ್ನು ಬಗ್ಗಿಸಿ ತೋರಿಸಿದರು. ಅದರಲ್ಲಿದ್ದದ್ದು ಬೆರಳುದ್ದದ, ಬಣ್ಣಗೆಟ್ಟ ನಾಲ್ಕೈದು ಎಲೆ.

“ಎರಡು ವರ್ಷ ಬಿಡಬೇಕು ಅಣ್ಣಾ. ಬಿಟ್ಟರೆ ಬರುತ್ತದೆ.”

“ಇದನ್ನೆಲ್ಲ ಮೊದಲೇ ಏಕೆ ಹೇಳಲಿಲ್ಲ, ಮಾವಶಿ?”

ಅವರು ನನ್ನ ಮುಖವನ್ನು ನೋಡಿದರು. ಬಳಿಕ ಕೊಂಬೆಯನ್ನು ಬಿಟ್ಟು, “ನಡೀರಿ, ಚಹಾ ಕುಡಿಯುವಿರಂತೆ. ಬಿಸಿಲಿಗೆ ಬಂದಿದ್ದೀರಿ,” ಎಂದರು.

ಇದಾದ ಮೇಲೆ ನಾನು ನನ್ನದೇ ಒಂದು ವಿವರಣೆಯನ್ನು ಕಟ್ಟಿಕೊಂಡೆ. ಶಾಲೆಯಲ್ಲಿ ಏಳನೆಯ ತರಗತಿಯಾಚೆ ಕಲಿಯದೆ, ಉಳಿದುದನ್ನೆಲ್ಲ ಪತ್ರಿಕೆ ಪುಸ್ತಕಗಳಿಂದ ಸ್ವತಃ ಕಲಿತವನು ನಾನು; ಯಾರೋ ಹೇಳಿದ್ದನ್ನು ಒಪ್ಪುವ ಅಭ್ಯಾಸ ನನಗಿಲ್ಲ. “ಅವರು ಸೋಮಾರಿಗಳಲ್ಲ. ತಪ್ಪು ನಮ್ಮದು. ನಾವು ಅವರನ್ನು ಕೇಳಲೇ ಇಲ್ಲ, ಕೇಳಿದ್ದರೆ ಗುಡ್ಡದ ರೀತಿ ತಿಳಿಯುತ್ತಿತ್ತು” ಎಂದು ಸಂಘದ ಸಭೆಗಳಲ್ಲಿ ಎದ್ದು ನಿಂತು ಹೇಳಿದೆ. ಒಮ್ಮೆಯಲ್ಲ, ಇಪ್ಪತ್ತು ಸಲ ಹೇಳಿರಬಹುದು. “ಅಣ್ಣ ಮತ್ತೆ ಗುಡ್ಡ ಹತ್ತಿದರು” ಎಂದು ಹಿಂದಿನ ಸಾಲಿನಲ್ಲಿ ನಗುತ್ತಿದ್ದರು. ನಾನು ಸರಿಯೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಮದುವೆಯ ಊಟದಿಂದ ಮರಳಿದ ಮೇಲೆ, ಕಾರ್ಯದರ್ಶಿಗಳ ವಾಕ್ಯವನ್ನು ತಡೆಯಲು ಸಾಕ್ಷಿ ಬೇಕೆನ್ನಿಸಿತು. ಹೋಟೆಲು ಮುಚ್ಚಿದ ಮೇಲೆ ಮಾವಶಿಯನ್ನು ನಾನು ಕಂಡಿರಲಿಲ್ಲ. ಮಳೆಗಾಲದಲ್ಲಿ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಕೆಳಗೆ ಕಾಡುಸೊಪ್ಪು ಮಾರುವ ಅವರ ಸೊಸೆಯನ್ನು ಹುಡುಕಿ ಕೇಳಿದೆ.

“ಸಾಸುಬಾಯಿ ಹೋಗಿ ಇದು ಮೂರನೇ ಮಳೆಗಾಲ,” ಎಂದು ಆಕೆ ಸೊಪ್ಪಿಗೆ ನೀರು ಚಿಮುಕಿಸುತ್ತಲೇ ಅತ್ತೆಯ ಸಾವಿನ ಸುದ್ದಿ ಹೇಳಿದಳು. “ನಿಮಗೆ ಯಾರೂ ಹೇಳಲಿಲ್ಲವಾ?”

ಯಾರು ಹೇಳಬೇಕಿತ್ತು? ಈಗಲೂ ಎಲೆ ಕೊಯ್ಯುವಿರಾ ಎಂದು ಕೇಳಿದೆ.

“ಎಲೆ ಈಗಲೂ ಕೊಯ್ಯುತ್ತೇವೆ. ಈ ವರ್ಷ ಪಡುವಣ ಬದಿ. ಸೊಪ್ಪು ಬೇಕಾ ಅಣ್ಣಾ, ಇಲ್ಲಾ ಬರೀ ಮಾತಾ?” ಎಂದು ಹಿಂದೆ ನಿಂತಿದ್ದ ಗಿರಾಕಿಯ ಕಡೆ ನೋಡಿದಳು. ಒಂದು ಕಟ್ಟು ಕೊಂಡು ಬಂದೆ.

ಇನ್ನು ಉಳಿದದ್ದು ಸಂಘದ ನಡಾವಳಿ ಪುಸ್ತಕ. ಕಳೆದ ಭಾನುವಾರ ಕಚೇರಿಯ ಕಪಾಟಿನಿಂದ ತೆಗೆಸಿ, ಯಂತ್ರ ಕೊಳ್ಳಲು ತೀರ್ಮಾನಿಸಿದ ಸಭೆಯ ಪುಟವನ್ನು ಹುಡುಕಿದೆ. ಪಾಡಾದವರನ್ನು ನಾವು ಕೇಳಲೇ ಇಲ್ಲವೆಂಬುದಕ್ಕೆ ಆ ಪುಟದ ಮೌನವೇ ಸಾಕ್ಷಿಯಾಗಲೆಂದಿದ್ದೆ. ಪುಟ ಮೌನವಾಗಿರಲಿಲ್ಲ. ಅಂದಿನ ಕಾರ್ಯದರ್ಶಿಗಳ ದುಂಡು ಅಕ್ಷರದಲ್ಲಿ ಹೀಗಿತ್ತು: “ಎಲೆ ತರುವ ಪಾಡಾದ ಮಹಿಳೆಯು ಸಭೆಗೆ ಬಂದು, ಕೈಯಿಂದ ಒತ್ತುವ ಎರಡು ಚಿಕ್ಕ ಯಂತ್ರಗಳು ಸಾಕೆಂದೂ, ಗುಡ್ಡದ ಒಂದು ಬದಿಯ ಎಲೆಯನ್ನು ಮಾತ್ರ ವರ್ಷಕ್ಕೆ ಕೊಡಬಹುದೆಂದೂ ವಿನಂತಿಸಿದಳು. ಚರ್ಚೆಯ ನಂತರ ವಿನಂತಿಯನ್ನು ಕೈಬಿಟ್ಟು ದೊಡ್ಡ ಯಂತ್ರ ಖರೀದಿಸಲು ನಿರ್ಣಯಿಸಲಾಯಿತು.” ಸೂಚಿಸಿದವರು ಈಗ ಇಲ್ಲ. ಅನುಮೋದಿಸಿದವನು ನಾನು. ಸಹಿಯೂ ನನ್ನದೇ.

ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಆ ಸಭೆ ನನಗೆ ನೆನಪಿಲ್ಲ. ಮಾವಶಿ ನಮ್ಮ ಕಚೇರಿಯ ಮೆಟ್ಟಿಲು ಹತ್ತಿದ್ದು, ಯಾವ ಕುರ್ಚಿಯಲ್ಲಿ ಕುಳಿತರೆಂಬುದು, ಅಥವಾ ಕುಳಿತರೇ ಎಂಬುದು, ಏನೊಂದೂ ಇಲ್ಲ. ಅವರ ಇಡ್ಲಿಯ ಕುಚೋದ್ಯವನ್ನು ಇಷ್ಟು ವರ್ಷ ಕಾಪಾಡಿದ ನನ್ನ ತಲೆ, ಇದನ್ನೇಕೆ ಕಳೆದುಕೊಂಡಿತು? ಮರೆತೆನೋ, ಮರೆಯಲೆಂದೇ ಆ ಇನ್ನೊಂದು ವಿವರಣೆಯನ್ನು ಕಟ್ಟಿಕೊಂಡೆನೋ… ಕೇಳಿ ತಿಳಿಯೋಣವೆಂದರೆ ಹೇಳಬಲ್ಲವರು ಹೋಗಿ ಮೂರು ಮಳೆಗಾಲವಾಯಿತು.

ಸಂಘದವರ ಮಾತು ಸುಳ್ಳು, ನನ್ನದೂ ನಿಜವಲ್ಲ. ಸ್ಮರಣ ಸಂಚಿಕೆಯಲ್ಲಿ ಆ ವಾಕ್ಯದ ಬದಲು ಈ ಪುಟವನ್ನೇ ಇದ್ದಂತೆ ಅಚ್ಚುಮಾಡಬೇಕೆಂದು ಬರೆದು ಕೊಟ್ಟಿದ್ದೇನೆ. ಒಪ್ಪುತ್ತಾರೋ ಇಲ್ಲವೋ ತಿಳಿಯದು. ಒಪ್ಪದಿದ್ದರೂ ಪುಸ್ತಕ ಅಲ್ಲಿಯೇ ಇದೆ. ಭಾನುವಾರ ಬೆಳಗ್ಗೆ ಕಚೇರಿ ತೆರೆದಿರುತ್ತದೆ, ಯಾರು ಬೇಕಾದರೂ ಹೋಗಿ ಕೇಳಿ ಓದಬಹುದು. ಹಾಜರಿದ್ದವರ ಪಟ್ಟಿಯಲ್ಲಿ ನನ್ನ ಹೆಸರು ಊರು ಸಮೇತ ಪೂರ್ತಿಯಾಗಿದೆ. ಮಾವಶಿಯ ಹೆಸರನ್ನು ಅಂದು ಯಾರೂ ಕೇಳಿ ಬರೆದುಕೊಂಡಿಲ್ಲ.