ಆಡಿನಕ್ಕನ ಕೊಕ್ಕೆ

ಮೊನ್ನೆ ಆಡಿನ ಕೊಟ್ಟಿಗೆಯ ಅಟ್ಟದಿಂದ ಗೊಬ್ಬರದ ಹಳೆಯ ಚೀಲವೊಂದನ್ನು ಇಳಿಸಿ ಬಾಯಿ ಬಿಚ್ಚಿದೆ. ನೆರಳಲ್ಲಿ ಒಣಗಿಸಿಟ್ಟ ಹಲಸಿನ ಸೊಪ್ಪಿನ ವಾಸನೆ... ತುಸು ಸಿಹಿ, ತುಸು ಒಗರು. ಮೂಗಿಗೆ ಬಡಿದದ್ದೇ ತಡ, ಆಡಿನಕ್ಕ ನೆನಪಾದರು.

ದೇವರಮನೆ ಊರ ಕಡೆಯ ಗುಡ್ಡದ ಬುಡದಲ್ಲಿ ನಮ್ಮ ತೋಟ. ಬೇಲಿಯಾಚೆ ಅವರ ಮನೆ. ಒಬ್ಬರೇ ಇದ್ದರು, ಜೊತೆಗೆ ಹನ್ನೊಂದು ಆಡು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ, ಎಲ್ಲರ ಬಾಯಲ್ಲೂ ಆಡಿನಕ್ಕ. ನನ್ನ ಗಂಡ ತೀರಿಕೊಂಡ ಮೇಲೆ ತೋಟವೆಲ್ಲ ನನ್ನ ತಲೆಯ ಮೇಲೆ ಬಿದ್ದಿತ್ತು. ಜನ ಮಾತು ಕೇಳಲಿ ಎಂದು ದನಿ ಏರಿಸುವುದನ್ನು ಚೆನ್ನಾಗಿಯೇ ಕಲಿತಿದ್ದೆ. ಹೊಸದಾಗಿ ಕಾಫಿ ಗಿಡ ನೆಟ್ಟ ವರ್ಷ ಬೇಲಿಯ ಬಳಿ ನಿಂತು, "ನಿಮ್ಮ ಒಂದು ಆಡು ನನ್ನ ಗಿಡಕ್ಕೆ ಬಾಯಿ ಹಾಕಿದ್ರೂ ಅಷ್ಟನ್ನೂ ಮಾರಿಸ್ಬಿಡ್ತೀನಿ" ಎಂದಿದ್ದೆ. ಅವರು ಬರೀ ತಲೆಯಾಡಿಸಿದರು.

ಆ ವರ್ಷವೇ ಬೇಸಿಗೆಯಲ್ಲಿ ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟಿತು. ಗುಡ್ಡದ ಹುಲ್ಲು ಹುರಿದ ಹಾಗಾಯಿತು. ಊರಲ್ಲಿ ಆಡು ಸಾಕಿದವರೆಲ್ಲ ಒಂದೊಂದಾಗಿ ಮಾರಿಕೊಂಡರು. ಆಡಿನಕ್ಕನ ಹನ್ನೊಂದೂ ಅಂಗಳದಲ್ಲೇ ಉಳಿದವು. ಅವುಗಳನ್ನು ಹೇಗೆ ಉಳಿಸುತ್ತಾರೋ ನೋಡೇಬಿಡೋಣ ಎಂದು ನಾನು ದಿನಾ ಬೇಲಿಗೆ ಹೋಗಿ ಇಣುಕುತ್ತಿದ್ದೆ.

ನೋಡಿ ಬೆರಗಾದೆ. ಮಳೆಗಾಲ ಮುಗಿಯುತ್ತಿದ್ದಂತೆ ಹಲಸು, ಅತ್ತಿ, ಹಾಲುವಾಣದ ಸೊಪ್ಪು ತಂದು ನೆರಳಲ್ಲೇ ಒಣಗಿಸಿ ಚೀಲ ಚೀಲ ತುಂಬಿಟ್ಟಿದ್ದರು. ಅದನ್ನು ಕಟ್ಟು ಕಟ್ಟಿ ಮರದ ಕೊಕ್ಕೆಗೆ ತೂಗುಹಾಕುತ್ತಿದ್ದರು. ತುಳಿದ ಸೊಪ್ಪನ್ನು ಆಡು ಮೂಸಿಯೂ ನೋಡುವುದಿಲ್ಲ, ತೂಗುಹಾಕಿದರೆ ಒಂದು ಎಲೆಯೂ ದಂಡವಾಗದು. ಮೊದಲು ಗಬ್ಬದ ಆಡುಗಳಿಗೆ, ಆಮೇಲೆ ಹಾಲೂಡಿಸುವ ತಾಯಂದಿರಿಗೆ, ಕಡೆಗೆ ಕೊಬ್ಬಿದ ಹೋತಕ್ಕೆ. ಬೆಳಿಗ್ಗೆ ಹಿಕ್ಕೆ ಕೈಯಲ್ಲಿ ಒತ್ತಿ ನೋಡಿ ಯಾವುದಕ್ಕೆ ಗಂಜಿನೀರು ಹೆಚ್ಚು ಬೇಕು ಎಂದು ಹೇಳುತ್ತಿದ್ದರು. ಅಂಗಡಿಯ ಹಿಂಡಿ ಒಂದು ಹಿಡಿ ತಂದದ್ದನ್ನು ನಾನು ನೋಡಲಿಲ್ಲ. ಆಳು, ಮೇಸ್ತ್ರಿ, ಜೀಪು ಎಲ್ಲ ಇದ್ದೂ ಒದ್ದಾಡುತ್ತಿದ್ದ ನನಗೆ ಆ ಅಂಗಳ ನೋಡಿ ಹೊಟ್ಟೆಕಿಚ್ಚೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಚೀಲಗಳು ಒಂದೊಂದಾಗಿ ಬರಿದಾಗುತ್ತ ಬಂದವು. ಮಳೆ ಇಲ್ಲ. ಆಡುಗಳ ಕೂಗು ನಮ್ಮ ಜಗಲಿಯವರೆಗೂ ಕೇಳುತ್ತಿತ್ತು. ನನ್ನ ಮನಸ್ಸು ಕರಗಿತು. ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ನಡೆದಿತ್ತು, ಕಡಿದ ಹಲಸಿನ ಕೊಂಬೆಗಳನ್ನು ಜೀಪಿನಲ್ಲಿ ತುಂಬಿಸಿಕೊಂಡು ನಾನೇ ಹೋದೆ. ಆಡಿನಕ್ಕ ಒಂದು ಎಲೆ ಕಿತ್ತು, ಹೆಬ್ಬೆರಳಿನಿಂದ ಉಜ್ಜಿ, ಬೆರಳನ್ನು ನನಗೆ ತೋರಿಸಿದರು. ತಿಳಿನೀಲಿ ಪುಡಿ.

"ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ ಹೊಡ್ಸಿದ ಬೋರ್ಡೋ ಅಮ್ಮ, ಮೈಲುತುತ್ತದ ವಿಷ. ಆಡು ಅರೆಹೊಟ್ಟೇಲಿ ಇನ್ನಷ್ಟು ದಿನ ತಡ್ಕೊಳ್ತಾವೆ. ಇದು ಬ್ಯಾಡ."

ಮಳೆ ಬಂದೇ ಬರುತ್ತದೆಂದು ಮುಂಚೆಯೇ ಔಷಧಿ ಹೊಡೆಸಿದವಳು ನಾನೇ. ತೊಳೆಯುವ ಮಳೆ ಬಂದಿರಲಿಲ್ಲ. ಆದರೂ ನನಗೆ ರೇಗಿಹೋಯಿತು. "ಕೊಟ್ಟದ್ದಕ್ಕೂ ಹೆಸರಿಡ್ತೀರಲ್ಲ ಮಾರಾಯ್ತಿ!" ಎಂದು ಜೀಪು ತಿರುಗಿಸಿದೆ. ಅವರಿಂದಲೇ ಕೊಂಡ ಒಂದು ಕಂದು ಮರಿ ನಮ್ಮಲ್ಲಿತ್ತು. ಹಟಕ್ಕೆ ಆ ಸೊಪ್ಪನ್ನು ಮೂರು ದಿನ ಅದಕ್ಕೇ ಹಾಕಿದೆ. ನಾಲ್ಕನೆಯ ದಿನ ಮರಿ ಏಳಲಿಲ್ಲ.

ಹಾವು ಕಚ್ಚಿತು ಎಂದು ಎಲ್ಲರಿಗೂ ಹೇಳಿದೆ. ಆಡಿನಕ್ಕ ಬಂದು ಮರಿಯ ಪಕ್ಕ ಕುಳಿತರು. ಅದರ ತುಟಿ ಬಿಡಿಸಿ ನೋಡಿದರು. ಕೊಟ್ಟಿಗೆಯ ನೆಲದಲ್ಲಿ ಬಿದ್ದಿದ್ದ ಸೊಪ್ಪನ್ನೂ ನೋಡಿದರು. ಸಂಜೆ ತಮ್ಮ ಕೊಕ್ಕೆಯೊಂದನ್ನು ತಂದು ನಮ್ಮ ಕೊಟ್ಟಿಗೆಯ ತೊಲೆಗೆ ಕಟ್ಟಿದರು. "ನೆಲಕ್ಕೆ ಹಾಕ್ಬ್ಯಾಡಿ ಅಮ್ಮ. ಕಟ್ಟಿ ತೂಗ್ಹಾಕಿ. ಕಟ್ಟುವಾಗ ಎಲೆ ಕಣ್ಣಿಗೆ ಬೀಳ್ತದೆ." ಅಷ್ಟೇ. ವಾರ ಕಳೆದು ಮಳೆ ಬಂತು. ಹನ್ನೊಂದು ಆಡೂ ಉಳಿದವು, ನನ್ನ ಒಂದು ಗಿಡಕ್ಕೂ ಬಾಯಿ ಬಿದ್ದಿರಲಿಲ್ಲ.

ಆಮೇಲೆ ಎಷ್ಟೋ ವರ್ಷ ಬೇಲಿಯ ಆಚೆ ಈಚೆ ನಿಂತು ಮಾತಾಡಿದೆವು... ಹಾವಿನ ಸುಳ್ಳನ್ನು ಮಾತ್ರ ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅವರೂ ಕೇಳಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ಆ ಅಂಗಳದಲ್ಲಿ ಈಗ ಆಡಿಲ್ಲ.

ನನ್ನಲ್ಲಿ ನಾಲ್ಕಿವೆ. ಮೊನ್ನೆ ಆ ಚೀಲದ ಸೊಪ್ಪನ್ನು ಕಟ್ಟು ಕಟ್ಟುವಾಗ ಎಂದಿನಂತೆ ಒಂದು ಎಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದೆ. ಬೆರಳಿಗೆ ಏನೂ ಹತ್ತಲಿಲ್ಲ. ಕಟ್ಟನ್ನು ಅವರ ಕೊಕ್ಕೆಗೆ ಸಿಕ್ಕಿಸಿ, ಕೇಳುವವರು ಯಾರೂ ಇಲ್ಲದ ಕೊಟ್ಟಿಗೆಯಲ್ಲಿ ಬಾಯಿಬಿಟ್ಟು ಹೇಳಿದೆ, "ಹಾವಲ್ಲ ಅಕ್ಕ. ನಾನೇ."