ನಾಲ್ಕು ಬಣ್ಣದ ಬೋಟು

ಬೋಟಿಗೆ ಬೆಂಕಿ ಬಿದ್ದದ್ದು ಪೇಂಟಿನವನ ಬೀಡಿಯಿಂದ ಅಲ್ಲ. ನಾನು ಹಚ್ಚಿದೆ. ನಡು ಮಧ್ಯಾಹ್ನ, ತಲೆ ನೆಟ್ಟಗಿದ್ದಾಗಲೇ ಹಚ್ಚಿದೆ.

ಹೊಸಪೇಟೆ ಡ್ಯಾಮಿನ ಹಿನ್ನೀರಿನಲ್ಲಿ ಓಡುತ್ತಿದ್ದ ಎರಡಂತಸ್ತಿನ ಬೋಟು ಅದು. ಜನ ಕ್ರೂಜ್ ಅಂತಿದ್ದರು. ಮೇಲೆ ಸೋಫಾ, ಪರದೆ, ಮಿಣಮಿಣ ಲೈಟು. ಹಂಪಿ ನೋಡಲು ಬಂದವರು ಸಂಜೆಗೆ ಅದರೊಳಗೆ ಕುಂತು ಮಿರ್ಚಿ ತಿಂದು ಕುಣಿಯುತ್ತಿದ್ದರು. ಗೋವಾದಿಂದ ತಂದದ್ದು ಅಂತ ಮಾಲೀಕ ಹೇಳುತ್ತಿದ್ದ. ಸುಳ್ಳು. ಸಂಡೂರಿನ ಕಡೆ ಅದಿರು ಲಾರಿ ರಿಪೇರಿ ಮಾಡುವ ಶೆಡ್ಡಿನಲ್ಲಿ ತಗಡು ಬೆಸೆದು ಕಟ್ಟಿದ್ದು. ಮೊದಲು ನೀರಿಗಿಳಿದದ್ದು ಕಂಪ್ಲಿಯಲ್ಲಿ, ಹೊಳೆಯ ಉಸುಕು ಎತ್ತಲು. ಆಗ ಅದರ ಬಣ್ಣ ಕೆಂಪು.

ನನಗೆ ಹೆಂಗೆ ಗೊತ್ತು ಅಂದರೆ, ನನ್ನ ಗಂಡನನ್ನು ಕೊಂದದ್ದು ಅದೇ.

ಅವನು ಹರಿಗೋಲು ಹೆಣೆಯುವವ, ಜನರನ್ನು ಹೊಳೆ ದಾಟಿಸುವವ. ಉಸುಕು ಎತ್ತಿ ಎತ್ತಿ ದಂಡೆಯ ಬುಡದಲ್ಲೇ ಗುಂಡಿ ಬಿದ್ದಿದ್ದವು. ಇಲ್ಲಿ ಬ್ಯಾಡ ಅಂತ ಹರಿಗೋಲನ್ನು ಅಡ್ಡ ನಿಲ್ಲಿಸಿದ. ಬೋಟು ನಿಲ್ಲಲಿಲ್ಲ. ಬಿದಿರು ಸೀಳುವ ಮಚ್ಚಿನಿಂದ ಅದರ ಮೂತಿಗೆ ಮೂರು ಏಟು ಹಾಕಿದ. ನಾಲ್ಕನೆಯದಕ್ಕೆ ಕೈ ಎತ್ತಿದ್ದ, ಬೋಟನ್ನು ಅವನ ಮೇಲೇ ಹತ್ತಿಸಿದರು. ನಾನು ದಂಡೆಯ ಮೇಲೆ ಅರಿವೆ ಒಗೆಯುತ್ತಿದ್ದೆ. ಅವನ ತಲೆ ಒಡೆದ ಸಪ್ಪಳ ನಾನು ಒಗೆಯುವ ಕಲ್ಲಿನ ತನಕ ಬಂತು. ಮಗ ಆಗ ನನ್ನ ಬೆನ್ನಿಗೆ ಜೋಲಿಯಲ್ಲಿದ್ದ.

ಹರಿಗೋಲು ಮಗುಚಿ ಸತ್ತ ಅಂತ ಪೊಲೀಸರು ಬರೆದುಕೊಂಡರು.

ನಮ್ಮಲ್ಲಿ ಒಂದು ಪದ್ಧತಿ. ಜೀವ ತಗೊಂಡ ಹರಿಗೋಲನ್ನು ಮತ್ತೆ ನೀರಿಗೆ ಬಿಡುವುದಿಲ್ಲ. ಸತ್ತವನ ಮನೆಯವರೇ ದಂಡೆಗೆ ಎಳೆದು, ಕಾಯಿ ಒಡೆದು ಸುಡಬೇಕು. ನಮ್ಮ ಹಿರಿಯರು ಅವನ ಹರಿಗೋಲನ್ನೇ ಎಳೆದು ತಂದರು.

"ಇದೇನ್ ಮಾಡೇತಿ? ಕೊಂದದ್ದು ಅದು," ಅಂತ ಬೋಟು ತೋರಿಸಿದೆ.

"ಕಬ್ಬಿಣ ಸುಡಾಕ ಬರಂಗಿಲ್ಲ ತಂಗಿ. ಸುಮ್ನ ಕಡ್ಡಿ ಗೀರು," ಅಂದರು.

ಗೀರಿದೆ. ತಪ್ಪು ಬೋಟು ಸುಟ್ಟೆವು. ಅದು ನನ್ನ ಹೊಟ್ಟೆಯಲ್ಲಿ ಮುಳ್ಳಿನಂತೆ ಉಳಿಯಿತು.

ಈಗ ನಾವಿರುವುದು ಕಡ್ಡಿರಾಂಪುರದಲ್ಲಿ. ಹರಿಗೋಲು ಓಡಿಸಬಾರದು ಅಂತ ಸರ್ಕಾರದವರು ಅಂದ ಮೇಲೆ ಮಗ ಕ್ರೂಜಿಗೆ ಡ್ರೈವರಾಗಿ ಸೇರಿದ. ಸೋಮವಾರದಿಂದ ಓಡಿಸಬೇಕಿತ್ತು. ಅದಕ್ಕೂ ಮುಂಚೆ ಬೋಟನ್ನು ದಂಡೆಗೆ ಎಳೆದು ಬಣ್ಣ ಹೊಡೆಯುತ್ತಿದ್ದರು. ಮಗನಿಗೆ ಬುತ್ತಿ ಒಯ್ದಿದ್ದೆ. ಪೇಂಟಿನವ ಮೂತಿ ಕೆರೆಯುತ್ತಿದ್ದ. ನೀಲಿ ಉದುರಿತು, ಹಳದಿ ಬಂತು. ಹಳದಿ ಉದುರಿತು, ಬಿಳಿ ಬಂತು. ಬಿಳಿಯ ಕೆಳಗೆ ಕೆಂಪು. ಕೆಂಪಿನಲ್ಲಿ ಮೂರು ಕಚ್ಚು.

ಬುತ್ತಿ ಕೆಳಗಿಟ್ಟು ಬೆರಳಿಟ್ಟು ನೋಡಿದೆ. ಮೂರೂ ಓರೆ. ನನ್ನ ಗಂಡ ಎಡಚ.

"ಎಷ್ಟು ಸಲ ಬಣ್ಣ ಹೊಡ್ದೀಯಪ್ಪಾ ಇದಕ್ಕ?"

"ಬಿಳೀದು, ಹಳದಿ, ನೀಲಿ ಎಲ್ಲಾ ನಂದೇ ಅಜ್ಜಿ. ಬಿಳೀದಿದ್ದಾಗ ದೇವರ ಹೆಸರಿತ್ತು. ಒಬ್ಬಾಕಿ ನೀರೊಳಗಿನ ಫ್ಯಾನಿಗೆ ಸಿಕ್ಕು ಕಾಲು ಕಳಕೊಂಡ್ಲು. ಹಳದಿ ಹಚ್ಚಿ ಹೀರೋನ ಹೆಸರು ಬರದ್ವಿ. ಮ್ಯಾಲಿನ ಕಟಾಂಜನ ಮುರದು ಇಬ್ರು ನೀರಿಗೆ ಬಿದ್ದು ಹೋದ್ರು. ನೀಲಿ ಆತು. ಮೊನ್ನಿ ಹಗ್ಗಕ್ಕ ಸಿಕ್ಕು ಒಬ್ಬಂದು ಕೈ ಹೋತು."

"ಈಗ?"

"ಹಸಿರು. ಹೆಸರಿನ್ನೂ ಹೇಳಿಲ್ಲ," ಅಂತ ನಕ್ಕ. ಒಳ್ಳೆಯವ. ಕಿವಿಯ ಮೇಲೆ ಬೀಡಿ, ಬಾಯಲ್ಲಿ ಮಾತು.

ಮನೆಗೆ ಬಂದು ಮಗನಿಗೆ ಹೇಳಿದೆ. ಉಣ್ಣುತ್ತಲೇ ಕೇಳಿದ.

"ಕಬ್ಬಿಣದ್ದೇನು ತಪ್ಪಬೇ? ಓಡಿಸಿದವನದು ತಪ್ಪು."

"ಇನ್ ಮ್ಯಾಲೆ ಓಡಸವ ನೀನು."

"ಹ್ಞೂಂ, ನಾನು. ಓಡಸಲಿಲ್ಲಂದ್ರ ಏನ್ ಕಲ್ಲು ತಿನ್ನೂದು? ನಿಂದೊಂದು ಹುಚ್ಚು." ತಾಟು ಗೋಡೆಗೆ ಒಗೆದ. ಸಾರು ನನ್ನ ಸೀರೆಗೆ ಸಿಡಿಯಿತು.

ಮರುದಿನ ಮಧ್ಯಾಹ್ನ ಎಲ್ಲರೂ ಮರದ ಕೆಳಗೆ ಉಣ್ಣಲು ಕುಂತಾಗ ನಾನು ಬೋಟು ಹತ್ತಿದೆ. ಒಳಗೆ ಯಾರೂ ಇಲ್ಲ ಅಂತ ಎರಡಂತಸ್ತೂ ನೋಡಿಕೊಂಡೆ. ಕಬ್ಬಿಣ ಸುಡಲು ಬರುವುದಿಲ್ಲ, ಖರೆ. ಆದರೆ ಸೋಫಾ, ಪರದೆ, ಪ್ಲೈವುಡ್ಡು ತುಂಬಿ ಅವರೇ ಸುಡುವ ಹಂಗೆ ಮಾಡಿಟ್ಟಿದ್ದರು. ಬಣ್ಣಕ್ಕೆ ಬೆರೆಸುವ ಥಿನ್ನರ್ ಡಬ್ಬಿ ಅಲ್ಲೇ ಇತ್ತು. ಸುರಿದೆ. ಇಳಿದು ಬಂದು, ಸೆರಗಿನಲ್ಲಿ ತಂದಿದ್ದ ಕಾಯಿ ಮೂತಿಗೆ ಒಡೆದೆ. ಮತ್ತೆ ಹೋಗಿ ಮೆಟ್ಟಿಲಿಂದಲೇ ಕಡ್ಡಿ ಗೀರಿ ಒಳಗೆ ಒಗೆದೆ. ಭುಸ್ ಅಂತ ಬಂದ ಉರಿಗೆ ನನ್ನ ಮುಂಗೂದಲು ಸುಟ್ಟಿತು. ಗಾಜು ಪಟಪಟ ಒಡೆದವು. ಸೋಫಾ ಕರಗಿ ಕರೀ ಹೊಗೆ. ನನಗೆ ಅಳು ಬರಲಿಲ್ಲ. ಮುಳ್ಳು ಕಿತ್ತಂಗಾತು, ಅಷ್ಟೇ.

ಎಲ್ಲರೂ ಓಡಿ ಬಂದರು. ಮಾಲೀಕನ ಕಣ್ಣು ಮೊದಲು ಬಿದ್ದದ್ದು ಪೇಂಟಿನವನ ಬೀಡಿಯ ಮೇಲೆ.

"ಬೋಳಿಮಗನ, ಥಿನ್ನರ್ ಪಕ್ಕ ಬೀಡಿ ಸೇದ್ತಿಯೇನಲೇ?"

ಕಬ್ಬಿಣದ ಪೈಪು ತಗೊಂಡ. ಮೊದಲ ಏಟಿಗೆ ಮೊಣಕಾಲು, ಎರಡನೆಯದಕ್ಕೆ ಬಾಯಿ. ಹಲ್ಲು ಉಸುಕಿಗೆ ಬಿದ್ದವು. ಬಿದ್ದವನ ಪಕ್ಕೆಗೆ ಇಬ್ಬರು ಒದ್ದರು. "ನಾ ಅಲ್ರೀ ಸಾಹುಕಾರ, ನಾ ಅಲ್ರೀ," ಅಂತಲೇ ಇದ್ದ, ರಕ್ತ ಉಗುಳುತ್ತ.

"ನಾನು..." ಅಂತ ಬಾಯಿ ತೆಗೆದೆ. ಮಗ ಹಿಂದಿನಿಂದ ಬಂದು ಬಾಯಿ ಮುಚ್ಚಿದ. ಸುಟ್ಟ ಕೂದಲು ನೋಡಿದ್ದ. ಅವನ ಅಂಗೈ ಕಚ್ಚಿದೆ, ಚರ್ಮ ಹರಿಯಿತು, ಬಿಡಲಿಲ್ಲ. ಎಳೆದುಕೊಂಡು ಹೋಗಿ ತನ್ನ ಗಾಡಿಯ ಹತ್ತಿರ ಕೆನ್ನೆಗೆ ಒಂದು ಬಿಟ್ಟ. ಹುಟ್ಟಿದಾಗಿನಿಂದ ನನ್ನ ಮೇಲೆ ಕೈ ಎತ್ತಿದ್ದು ಅದೇ ಮೊದಲ ಸಲ.

"ಸುಮ್ನಿರಬೇ! ನಿನ್ನ ಒಳಗ ಹಾಕ್ತಾರ. ನನಗೂ ಎಲ್ಲೂ ನೌಕರಿ ಸಿಗಂಗಿಲ್ಲ."

"ಅವನ್ನ ಕೊಲ್ಲಾಕತ್ಯಾರಲೇ!"

"ಕೊಲ್ಲಂಗಿಲ್ಲ. ಪೊಲೀಸರಿಗೆ ಕೊಡ್ತಾರ."

ಕೊಟ್ಟರು. ಹೊಡೆದವರು ಮನೆಗೆ ಹೋದರು, ಹೊಡೆಸಿಕೊಂಡವ ಠಾಣೆಗೆ ಹೋದ. ಹರಿಗೋಲು ಸುಟ್ಟ ದಿನ ನೆನಪಾಯಿತು. ಅವತ್ತು ಕಡ್ಡಿ ಗೀರು ಅಂದರು, ಗೀರಿದ್ದೆ. ಈಗ ಮಗ ಸುಮ್ಮನಿರು ಅಂತಾನೆ.

ಮರುದಿನ ಬೆಳಿಗ್ಗೆ ಮಗ ಏಳುವ ಮುಂಚೆ ಮುಖ ತೊಳೆದು, ಸುಟ್ಟ ಕೂದಲು ಕಾಣುವ ಹಂಗೆ ಸೆರಗು ಹಿಂದೆ ಸರಿಸಿ, ಮೊದಲ ಬಸ್ಸಿಗೆ ಹೊಸಪೇಟೆಗೆ ಹೋದೆ. ಠಾಣೆಯಲ್ಲಿ ಒಬ್ಬ ಪೊಲೀಸ ಚಾ ಕುಡಿಯುತ್ತಿದ್ದ.

"ಏನಬೇ ಅಜ್ಜಿ, ಇಷ್ಟು ಜಲ್ದಿ?"

"ಬೋಟು ಸುಟ್ಟಾಕಿ ನಾನು. ಆ ಪೇಂಟಿನವನ್ನ ಬಿಡ್ರಿ."

ನಕ್ಕ. "ಹೋಗಬೇ, ಮನಿಗೆ ಹೋಗು."

ನಾನು ಅವನ ಎದುರಿನ ಬೆಂಚಿನ ಮೇಲೆ ಕುಂತೆ. "ಬರಕೋರಿ," ಅಂದೆ. ಅವನು ಚಾ ಮುಗಿಸಿ ಪುಸ್ತಕ ತೆಗೆಯುವ ತನಕ ಏಳಲಿಲ್ಲ.