ಒಂದು ಪೋಲ್ಕಾದ ಅರ್ಥ

ಕಪಾಟಿನ ತಳದಲ್ಲಿದ್ದ ಬಟ್ಟೆಯ ಗಂಟು ಬಿಚ್ಚಿದಾಗ ಮೊದಲು ಬಂದದ್ದು ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ. ಅದರ ಹಿಂದೆಯೇ ಹಳೆಯ ಕಾಗದದ್ದು, ಸ್ವಲ್ಪ ಕಮಟು. ತಂಗಿಯ ಮಗಳ ಮದುವೆಗೆ ಬ್ಲೌಸ್ ಹೊಲಿಸಬೇಕಿತ್ತು, ಅಳತೆಗೆಂದು ಹುಡುಕುತ್ತಿದ್ದೆ. ಮೂರು ವರ್ಷದಿಂದ ಆ ಗಂಟು ಅಲ್ಲೇ ಇತ್ತು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಮುಟ್ಟಿರಲಿಲ್ಲ, ಅಷ್ಟೇ.

ಕಟ್ಟಿಕೊಟ್ಟವರು ಇಲ್ಲಿ ಅಮೆರಿಕದಲ್ಲಿ ನಾವಿರುವ ಬಡಾವಣೆ ಫೋರ್ ಎಸ್ ರ್ಯಾಂಚಿನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಡಾಕ್ಟರ ಅಕ್ಕ. ಹುಬ್ಬಳ್ಳಿ ಕಡೆಯವರು, ಅರವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ತಮ್ಮನ ಗ್ಯಾರೇಜಿನಲ್ಲಿ ಕಾರು ನಿಲ್ಲಬೇಕಾದ ಜಾಗದಲ್ಲಿ ಮೆಷಿನ್ ಇಟ್ಟುಕೊಂಡು ನಮ್ಮೆಲ್ಲರ ಬ್ಲೌಸ್ ಹೊಲಿಯುತ್ತಿದ್ದರು. ಬ್ಲೌಸ್ ಎನ್ನುತ್ತಿದ್ದವರು ನಾವು. ಅವರಿಗೆ ಅದು ಪೋಲ್ಕಾ. ಪೋಲ್ಕಾದ ತೋಳು, ಪೋಲ್ಕಾದ ಕಾಜ, ಪೋಲ್ಕಾದ ಅಸ್ತರ. ಮೈಸೂರು, ಬೆಂಗಳೂರಿನ ನಮ್ಮ ಬಳಗಕ್ಕೆ ಇದಕ್ಕಿಂತ ದೊಡ್ಡ ತಮಾಷೆ ಬೇಕಿರಲಿಲ್ಲ. ಪೋಲ್ಕಾ ಆಂಟಿ ಎಂದು ಹೆಸರಿಟ್ಟೆವು, ಆಮೇಲೆ ಎದುರಿಗೇ ಹಾಗೆ ಕರೆದೆವು. ಅವರ ಕೈಯಲ್ಲಿ ಹೊಲಿಸಿಕೊಳ್ಳುವುದಕ್ಕೆ ಮಾತ್ರ ಯಾರೂ ನಾಚಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನನ್ನ ಅಮ್ಮ ಗದಗಿನವಳು. ಹದಿನೇಳು ವರ್ಷದವರೆಗೆ ನಾನು ತೊಟ್ಟದ್ದೂ ಪೋಲ್ಕಾನೇ. ಬೆಂಗಳೂರಿನ ಹಾಸ್ಟೆಲಿನಲ್ಲಿ ಆ ಪದವನ್ನೂ ಅದರ ಜೊತೆಗೆ ಊರಿನ ರಾಗವನ್ನೂ ಉಜ್ಜಿ ಉಜ್ಜಿ ತೊಳೆದುಕೊಂಡಿದ್ದೆ. ಆಂಟಿ ಒಮ್ಮೆ ಕತ್ತರಿ ನಿಲ್ಲಿಸಿ, "ನಿಮ್ಮೂರು ಯಾವ್ದು ತಂಗಿ?" ಎಂದು ಕೇಳಿದ್ದರು. ಬೆಂಗಳೂರು ಎಂದೆ. ಅವರು ಮತ್ತೆ ಕತ್ತರಿ ಆಡಿಸತೊಡಗಿದರು.

ಎರಡು ಸಾವಿರದ ಇಪ್ಪತ್ತರಲ್ಲಿ ಎಲ್ಲರೂ ಮನೆ ಸೇರಿದ್ದಾಗ ಅವರ ಕೈಗೆ ಒಂದು ಪುಸ್ತಕ ಬಂತು. ಯಾರೋ ಹಳೆಯ ಮನೆ ಖಾಲಿ ಮಾಡುತ್ತ ರಸ್ತೆಬದಿ ಇಟ್ಟಿದ್ದನ್ನು ತಮ್ಮ ಎತ್ತಿಕೊಂಡು ಬಂದಿದ್ದ. ಹತ್ತೊಂಬತ್ತನೆಯ ಶತಮಾನದ ಹೆಂಗಸರ ಮಾಸಪತ್ರಿಕೆ, ಒಂದಿಡೀ ವರ್ಷದ್ದನ್ನು ಒಟ್ಟಿಗೆ ಬೈಂಡ್ ಮಾಡಿಸಿದ್ದು. ದೊಡ್ಡ ಪುಟಗಳ ತುಂಬ ಗುಡಾಣದಂತೆ ಉಬ್ಬಿದ ಲಂಗಗಳು, ಉಸಿರುಕಟ್ಟುವಂತೆ ಬಿಗಿದ ಸೊಂಟಗಳು. ನಡುನಡುವೆ ಲೇಸು ಒಗೆಯುವ ಕ್ರಮ, ಹಣ್ಣಿನ ಮುರಬ್ಬ, ಕೆಲಸದವಳ ಹತ್ತಿರ ಯಜಮಾನಿ ಎಷ್ಟು ಮಾತಾಡಬೇಕು ಎಂಬ ಉಪದೇಶ. ಆಂಟಿಗೆ ಇಂಗ್ಲಿಷ್ ಅಕ್ಷರ ಕೂಡಿಸಲು ಬರುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಮಂಗಳವಾರ ಬೆಳಿಗ್ಗೆ ಅವರ ಡ್ರೈವ್‌ವೇಯಲ್ಲಿ ದೂರ ದೂರ ಕುರ್ಚಿ ಹಾಕಿಕೊಂಡು, ಮಾಸ್ಕಿನೊಳಗಿಂದಲೇ ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ.

"ಪಾಪ, ಇವ್ರೂ ಮನ್ಯಾಗ ಕುಂತು ಬಟ್ಟಿಗೆ ಸೂಜಿ ಚುಚ್ಚಿಕೊಂಡಿದ್ದೋರ ನೋಡ್ರಿ," ಎನ್ನುತ್ತಿದ್ದರು.

ಆ ಮಂಗಳವಾರಗಳು ನನಗೆ ಇಷ್ಟವಾಗಿದ್ದವು... ಹಾಗೆಂದು ಬಳಗದಲ್ಲಿ ಯಾರಿಗೂ ಹೇಳಲಿಲ್ಲ.

ಎರಡು ವರ್ಷ ಕಳೆದು ಮೊದಲ ಸಲ ದಸರಾ ಗೊಂಬೆಗೆ ಎಲ್ಲರೂ ಸೇರಿದ್ದು ಬೀದಿಯ ತುದಿಯ ದೊಡ್ಡ ಮನೆಯಲ್ಲಿ. ಆ ಮನೆಯಾಕೆ ನಕ್ಕರೆ ನಾವು ನಗುತ್ತಿದ್ದೆವು, ಸುಮ್ಮನಾದರೆ ಸುಮ್ಮನಾಗುತ್ತಿದ್ದೆವು. ಆಂಟಿ ಅಂದು ಪುಸ್ತಕವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಂದಿದ್ದರು. ಕೋಸಂಬರಿ ಹಂಚಿದ ಮೇಲೆ ನನ್ನ ಪಕ್ಕ ಕೂತು ಒಂದು ಪುಟ ತೆರೆದರು. ಬಿಗಿಯಾದ ಗಿಡ್ಡ ಕೋಟು ತೊಟ್ಟ ಹೆಂಗಸು, ಕೆಳಗೆ ದಪ್ಪಕ್ಷರದಲ್ಲಿ ಒಂದೇ ಪದ.

"ಪಿ, ಓ, ಎಲ್, ಕೆ, ಎ. ಪೋಲ್ಕಾ. ನಾನ ಕೂಡಿಸಿ ಓದೇನಿ," ಎಂದರು. ಬೆರಳನ್ನು ಆ ಪದದ ಕೆಳಗೆ ಇಳಿಸಿದರು. "ಕೆಳಗ ಸಣ್ಣ ಅಕ್ಷರದಾಗ ಏನ್ ಬರದಾರ, ಎಲ್ಲಾರಿಗೂ ಕೇಳೂವಂಗ ಓದ್ರಿ ತಂಗಿ."

ಓದಿದೆ, ಮನಸ್ಸಿನಲ್ಲಿ. ಪೋಲ್ಕಾ ಎಂದರೆ ಸಿರಿವಂತ ಮನೆಯ ಯಜಮಾನಿ ಬೆಳಗಿನ ಹೊತ್ತು ಅತಿಥಿಗಳನ್ನು ಬರಮಾಡಿಕೊಳ್ಳುವಾಗ ತೊಡುವ ಕೋಟು ಎಂದಿತ್ತು. ಹಳ್ಳಿ ಮಾತೆಂದು ನಾವು ಆಡಿಕೊಂಡದ್ದು ಆ ಕಾಲದ ದೊಡ್ಡವರ ಫ್ಯಾಷನ್ನು. ಅದಷ್ಟನ್ನು ಗಟ್ಟಿಯಾಗಿ ಹೇಳಿದ್ದರೆ ಸಾಕಿತ್ತು, ಅಷ್ಟು ವರ್ಷದ ಗೇಲಿಗೆ ಅವರು ಅಂದೇ ತಲೆಯೆತ್ತಿ ಉತ್ತರ ಕೊಟ್ಟಂತಾಗುತ್ತಿತ್ತು. ಆದರೆ ದೊಡ್ಡ ಮನೆಯಾಕೆ ನನ್ನನ್ನೇ ನೋಡುತ್ತಿದ್ದಳು, ನಗು ತುಟಿಯವರೆಗೆ ಬಂದಿತ್ತು. ಅದು ನನ್ನ ಕಡೆ ತಿರುಗೀತೆಂದು ಹೆದರಿದೆ. ಬರೀ ಹೆದರಿಕೆ ಎಂದರೆ ನನಗೆ ನಾನೇ ದಯೆ ತೋರಿಸಿದಂತೆ. ಅವರನ್ನೆಲ್ಲ ನಗಿಸುವ ಆಸೆಯೂ ಇತ್ತು.

"ಕೆಲಸದವರ ಕೋಟು ಅಂತ ಬರ್ದಿದೆ ಆಂಟಿ," ಎಂದೆ. "ಪಾತ್ರೆ ಉಜ್ಜೋವಾಗ ಹಾಕ್ಕೊಳ್ಳೋದಂತೆ."

ಬಿದ್ದು ಬಿದ್ದು ನಕ್ಕರು ಎಲ್ಲರೂ. ನಾನು ಪುಸ್ತಕ ಮುಚ್ಚಿದೆ. ತೋರಿಸಿ ಎಂದು ಒಬ್ಬರೂ ಕೇಳಲಿಲ್ಲ. ಆಂಟಿಯೂ ನಕ್ಕರು, ಸ್ವಲ್ಪ ತಡವಾಗಿ. "ಹಂಗೇನು," ಎಂದು ಪುಸ್ತಕವನ್ನು ಮತ್ತೆ ಸೀರೆಯ ತುಂಡಿನಲ್ಲಿ ಸುತ್ತಿಕೊಂಡರು. ಮನೆಯಲ್ಲಿ ಡಾಕ್ಟರ್ ತಮ್ಮನಿದ್ದ, ಅವನಿಗೆ ಒಮ್ಮೆ ತೋರಿಸಿದ್ದರೆ ನಿಜ ತಿಳಿಯುತ್ತಿತ್ತು. ತೋರಿಸಲಿಲ್ಲವೆಂದು ಕಾಣುತ್ತದೆ. ಎರಡು ವರ್ಷ ಓದಿ ಹೇಳಿದವಳ ಮೇಲೆ ಅಷ್ಟು ನಂಬಿಕೆಯಿತ್ತು ಅವರಿಗೆ.

ಅಂದಿನಿಂದ ಅವರ ಬಾಯಲ್ಲಿ ಪೋಲ್ಕಾ ಬರಲಿಲ್ಲ. "ಬ್ಲೌಜ" ಎನ್ನತೊಡಗಿದರು. ಅದಕ್ಕೂ ನಕ್ಕೆವು. ಮಂಗಳವಾರಗಳು ನಿಂತವು, ಯಾರು ನಿಲ್ಲಿಸಿದೆವೋ... ಚಳಿಗಾಲಕ್ಕೆ ಮೊದಲೇ ತಮ್ಮನಿಗೆ ಬೇರೆ ಕೆಲಸವಾಗಿ ಅವರೆಲ್ಲ ವೆಸ್ಟ್ ಕೊವಿನಾಕ್ಕೆ ಹೊರಟರು. ಹೋಗುವ ದಿನ ಬಂದು ಈ ಗಂಟು ಕೊಟ್ಟರು. "ಮುಂದ ಹೊಲಿಯೋರು ಸಿಕ್ರ ಈ ಅಳತಿ ಕೊಡ್ರಿ. ಬ್ಲೌಜ ಚಲೋ ಬರ್ತದ."

ಮರುವರ್ಷ ಅವರು ತೀರಿಕೊಂಡ ಸುದ್ದಿ ವಾಟ್ಸ್ಯಾಪಿನಲ್ಲಿ ಬಂತು. ಪೋಲ್ಕಾ ಆಂಟಿ ಹೋಗಿಬಿಟ್ಟರಂತೆ ಎಂದು ದೊಡ್ಡ ಮನೆಯಾಕೆ ಬರೆದಳು. ಅದರ ಕೆಳಗೆ ನಾನೂ ಎರಡು ಕೈ ಮುಗಿದ ಚಿತ್ರ ಹಾಕಿದೆ. ಎರಡು ಗಂಟೆಯ ದಾರಿ. ಹೋಗಲಿಲ್ಲ.

ಗಂಟಿನಲ್ಲಿದ್ದದ್ದು ಅಳತೆಗೆ ಕತ್ತರಿಸಿದ ಕಾಗದಗಳು. ಬೆನ್ನು, ಎದೆ ಕಂದು ಕಾಗದದಲ್ಲಿ. ತೋಳು ಮಾತ್ರ ದಪ್ಪ ಹಳದಿ ಕಾಗದದಲ್ಲಿ. ತಿರುಗಿಸಿ ನೋಡಿದರೆ ಆ ಪುಸ್ತಕದ ಅದೇ ಕೋಟಿನ ಹೆಂಗಸು, ಕುತ್ತಿಗೆಯ ಹತ್ತಿರ ಕತ್ತರಿ ಆಡಿ ತಲೆ ಹೋಗಿದೆ. ಪಾತ್ರೆ ಉಜ್ಜುವವರ ಕೋಟಿನ ಪುಟವನ್ನು ಇಟ್ಟುಕೊಂಡು ಏನು ಮಾಡಬೇಕು ಅನಿಸಿರಬೇಕು. ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ನನ್ನ ಹೆಸರು ಬರೆದಿದ್ದರು. ಮುಂದೆ ಅಭ್ಯಾಸಬಲದಿಂದ ಪೋಲ್ಕಾ ಎಂದು ಬರೆದು, ಅದನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿ, ಪಕ್ಕದಲ್ಲಿ ಬ್ಲೌಜ ಎಂದು ತಿದ್ದಿದ್ದರು.

ಆ ಕಾಗದ ಹಿಡಿದು ತುಂಬ ಹೊತ್ತು ಅತ್ತೆ. ಅತ್ತದ್ದು ಯಾರಿಗೂ ಉಪಯೋಗವಿಲ್ಲ.

ಅವರು ಹೋದಾಗ ಹೋಗದ ವೆಸ್ಟ್ ಕೊವಿನಾಕ್ಕೆ ಕಳೆದ ಶನಿವಾರ ಡ್ರೈವ್ ಮಾಡಿಕೊಂಡು ಹೋದೆ, ಅಲ್ಲೊಬ್ಬಳು ಗುಜರಾತಿ ಟೇಲರ್ ಚೆನ್ನಾಗಿ ಹೊಲಿಯುತ್ತಾಳೆಂದು. ಪೋಲ್ಕಾ ಎಂದೇ ಕೇಳಬೇಕು, ಅರ್ಥವಾಗದಿದ್ದರೆ ವಿವರಿಸಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅಂಗಡಿಯಲ್ಲಿ ಇನ್ನೂ ಇಬ್ಬರು ಕನ್ನಡದವರು ಕೂತಿದ್ದರು. ಏನು ಹೊಲಿಯಬೇಕು ಎಂದು ಟೇಲರ್ ಕೇಳಿದಳು.

ಬ್ಲೌಸ್ ಎಂದೆ.